ಮಕ್ಕಳಿಗೆ ಅಪ್ಪ ಬೇಕು ಎಂದ ನಟಿ: ‘ಗುಡ್ ಟೈಮ್ಸ್’ ಪ್ರಕರಣ

ಎಸ್ತರ್ ರೋಲ್ ಹಾಕಿದ ಷರತ್ತು ಒಂದೇ. ಮಕ್ಕಳಿಗೆ ಅಪ್ಪ ಇರಬೇಕು. ಇಲ್ಲದಿದ್ದರೆ ತಾನು ಈ ಶೋ ಮಾಡುವುದಿಲ್ಲ.

ಇದು 1973ರ ಸುಮಾರಿನ ಮಾತು. ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ ‘ಮಾಡ್’ ಎಂಬ ಸಿಟ್‌ಕಾಮ್, ಅಂದರೆ ಹಾಸ್ಯ ಧಾರಾವಾಹಿ, ಚೆನ್ನಾಗಿ ಓಡುತ್ತಿತ್ತು. ಅದರಲ್ಲಿ ಬಿಳಿಯರ ಮನೆಯ ಕೆಲಸದಾಕೆ ಫ್ಲಾರಿಡಾ ಪಾತ್ರ ರೋಲ್ ಅವರದು. ಜನರಿಗೆ ಫ್ಲಾರಿಡಾ ತುಂಬಾ ಹಿಡಿಸಿದಳು. ಅವಳಿಗೆ ಅವಳದೇ ಒಂದು ಶೋ ಕೊಡೋಣ ಎಂದು ನಿರ್ಮಾಪಕ ನಾರ್ಮನ್ ಲಿಯರ್ ಯೋಚಿಸಿದರು. ಆ ಹೊತ್ತಿಗೆ ಅಮೆರಿಕದ ಟಿವಿ ಕಾಮಿಡಿಯಲ್ಲಿ ಲಿಯರ್ ಅವರದೇ ಕಾಲ. ಅವರು ಮುಟ್ಟಿದ್ದೆಲ್ಲಾ ಹಿಟ್ ಆಗುತ್ತಿತ್ತು. ಅಂಥವರ ಮುಂದೆ ಕೂತು ಒಬ್ಬ ಪೋಷಕ ನಟಿ ಷರತ್ತು ಹಾಕುವುದು ಸಣ್ಣ ವಿಷಯ ಅಲ್ಲ.

ಆ ಷರತ್ತು ಏಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮೆರಿಕದ ಟಿವಿಯಲ್ಲಿ ಕಪ್ಪು ಜನ ಮೊದಲು ಬಂದದ್ದೇ ಎರಡು ವೇಷದಲ್ಲಿ. ಒಂದು, ಬಿಳಿಯರ ಮನೆಯನ್ನು ನಗುನಗುತ್ತಾ ನೋಡಿಕೊಳ್ಳುವ ಕೆಲಸದಾಕೆ. 1950ರಿಂದ 1953ರವರೆಗೆ ಬಂದ ‘ಬ್ಯೂಲಾ’ ಅಂಥ ಶೋ. ಇನ್ನೊಂದು, ಬುದ್ಧಿ ಕಮ್ಮಿಯ, ಮೋಸ ಮಾಡುವ, ಮೋಸ ಹೋಗುವ ಗಂಡಸರು. 1951ರಲ್ಲಿ ಶುರುವಾದ ‘ಏಮಸ್ ಆಂಡ್ ಆಂಡಿ’ ಅಂಥದ್ದು. ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆ ಅದನ್ನು ಬಲವಾಗಿ ವಿರೋಧಿಸಿತು. ಎರಡು ವರ್ಷದಲ್ಲಿ ಹೊಸ ಎಪಿಸೋಡ್ ನಿಂತವು. ಮರುಪ್ರಸಾರ ಮಾತ್ರ 1966ರವರೆಗೂ ನಡೆಯಿತು. 1968ರಲ್ಲಿ ‘ಜೂಲಿಯಾ’ ಬಂತು. ಡಯಾನ್ ಕ್ಯಾರಲ್ ಅದರಲ್ಲಿ ಓದಿದ, ನೀಟಾದ ನರ್ಸ್. ಆದರೆ ಅಲ್ಲೂ ಗಂಡ ಇಲ್ಲ, ವಿಯೆಟ್ನಾಂ ಯುದ್ಧದಲ್ಲಿ ಸತ್ತಿದ್ದಾನೆ.

ಟಿವಿಯ ಹೊರಗೂ ಇದೇ ಚಿತ್ರ. 1965ರಲ್ಲಿ ಸರ್ಕಾರದ ಕಾರ್ಮಿಕ ಇಲಾಖೆಯಲ್ಲಿದ್ದ ಡ್ಯಾನಿಯಲ್ ಪ್ಯಾಟ್ರಿಕ್ ಮೋಯ್ನಿಹಾನ್ ಒಂದು ವರದಿ ಬರೆದರು. ಕಪ್ಪು ಜನರ ಬಡತನಕ್ಕೂ ಅಪ್ಪಂದಿರಿಲ್ಲದ ಮನೆಗಳಿಗೂ ಅದು ಗಂಟು ಹಾಕಿತು. ಕೆಲಸವಿಲ್ಲದಿರುವುದು, ಗುಲಾಮಗಿರಿಯ ಇತಿಹಾಸ, ಎಲ್ಲ ವರದಿಯಲ್ಲಿ ಇತ್ತು. ಆದರೆ ಜನರ ಬಾಯಲ್ಲಿ ಉಳಿದದ್ದು ಒಂದೇ ಮಾತು: ಕಪ್ಪು ಮನೆ ಎಂದರೆ ಅಪ್ಪನಿಲ್ಲದ ಮನೆ.

ರೋಲ್‌ಗೆ ತನ್ನ ಮನೆ ಗೊತ್ತಿತ್ತು. ಫ್ಲಾರಿಡಾ ರಾಜ್ಯದ ಪಾಂಪನೋ ಬೀಚ್‌ನಲ್ಲಿ ರೈತನ ಮಗಳಾಗಿ ಹುಟ್ಟಿದವರು ಅವರು. ಹದಿನೆಂಟು ಮಕ್ಕಳ ಮನೆ. ಬಡತನ ಇತ್ತು, ಅಪ್ಪನೂ ಇದ್ದರು. ಹಾಗಾಗಿಯೇ ಅವರು ಪಟ್ಟು ಬಿಡಲಿಲ್ಲ. ಲಿಯರ್ ಒಪ್ಪಿದರು. ಗಂಡನ ಪಾತ್ರಕ್ಕೆ ಜಾನ್ ಏಮಸ್ ಬಂದರು. ರೋಲ್‌ಗಿಂತ ಹತ್ತೊಂಬತ್ತು ವರ್ಷ ಚಿಕ್ಕವರು. ತೆರೆಯ ಮೇಲೆ ನೋಡಿದರೆ ಅದು ಯಾರಿಗೂ ಗೊತ್ತಾಗುವುದಿಲ್ಲ.

1974ರ ಫೆಬ್ರವರಿ 8ರಂದು ‘ಗುಡ್ ಟೈಮ್ಸ್’ ಶುರುವಾಯಿತು. ಅಪ್ಪ ಅಮ್ಮ ಇಬ್ಬರೂ ಇರುವ ಕಪ್ಪು ಕುಟುಂಬದ ಮೊದಲ ಸಿಟ್‌ಕಾಮ್ ಎಂದು ಇಂದಿಗೂ ಅದನ್ನೇ ಹೇಳುತ್ತಾರೆ.

ಶೋ ಸೃಷ್ಟಿಸಿದವರು ಇಬ್ಬರು ಕಪ್ಪು ಬರಹಗಾರರು, ಎರಿಕ್ ಮಾಂಟೆ ಮತ್ತು ಮೈಕ್ ಎವಾನ್ಸ್. ಅದನ್ನು ಶೋ ಆಗಿ ರೂಪಿಸಿದ್ದು ಲಿಯರ್. ಮಾಂಟೆ ಬೆಳೆದದ್ದು ಶಿಕಾಗೋದ ಕ್ಯಾಬ್ರಿನಿ ಗ್ರೀನ್‌ನಲ್ಲಿ. ಅದು ಬಡವರಿಗೆಂದು ಸರ್ಕಾರ ಕಟ್ಟಿದ ಎತ್ತರದ ವಠಾರಗಳ ಸಮೂಹ. ಅಲ್ಲಿನ ಜನ ‘ಪ್ರಾಜೆಕ್ಟ್ಸ್’ ಎನ್ನುತ್ತಾರೆ. ಶೋನಲ್ಲಿ ಆ ಹೆಸರು ಹೇಳುವುದಿಲ್ಲ, ಆದರೆ ಟೈಟಲ್‌ನಲ್ಲಿ ಕಾಣುವ ಕಟ್ಟಡಗಳು ಅವೇ. ಕಥೆಯ ಎವಾನ್ಸ್ ಕುಟುಂಬ ಇರುವುದು ಅಂಥ ಒಂದು ಮನೆಯಲ್ಲಿ. ಲಿಫ್ಟ್ ಕೆಟ್ಟಿರುತ್ತದೆ, ಬಾಡಿಗೆ ಬಾಕಿ ಇರುತ್ತದೆ. ಅಪ್ಪ ಜೇಮ್ಸ್ ಸಿಕ್ಕ ಕೆಲಸ ಮಾಡುತ್ತಾನೆ, ಕೆಲವು ಸಲ ಒಟ್ಟಿಗೆ ಎರಡು ಮೂರು. ಅಮ್ಮ ಫ್ಲಾರಿಡಾ. ದೊಡ್ಡ ಮಗ ಜೆ.ಜೆ., ಅಂದರೆ ಜೇಮ್ಸ್ ಜೂನಿಯರ್, ಚಿತ್ರ ಬರೆಯುವ ಹುಡುಗ. ಮಗಳು ಥೆಲ್ಮಾ. ಕಿರಿಯವನು ಮೈಕಲ್, ಹನ್ನೊಂದು ಹನ್ನೆರಡರ ವಯಸ್ಸಿಗೇ ಕಪ್ಪು ಜನರ ಹಕ್ಕಿನ ಬಗ್ಗೆ ಭಾಷಣ ಬಿಗಿಯುವವನು. ಪಕ್ಕದ ಮನೆಯಲ್ಲಿ ವಿಲೋನಾ.

ಜೇಮ್ಸ್ ದೇವರಂಥ ಅಪ್ಪನೇನಲ್ಲ. ಸಿಟ್ಟು ಮೂಗಿನ ತುದಿಯಲ್ಲಿ. ಬೆಲ್ಟ್ ತೋರಿಸಿ ಮಕ್ಕಳನ್ನು ಹೆದರಿಸುತ್ತಾನೆ. ಬಾಡಿಗೆ ಕಟ್ಟಲು ದುಡ್ಡಿಲ್ಲದಿದ್ದರೆ ಬಿಲಿಯರ್ಡ್ಸ್ ಥರದ ಪೂಲ್ ಆಟ ಆಡಿ ಗೆಲ್ಲಲು ಹೋಗುತ್ತಾನೆ. ಮೊದಲ ಎಪಿಸೋಡ್‌ನಲ್ಲೇ ಒಳ್ಳೆ ಕೆಲಸದ ತರಬೇತಿಗೆ ಆಸೆಯಿಂದ ಹೋಗಿ, ವಯಸ್ಸು ಮೀರಿದೆ ಎಂದು ಕೇಳಿ ವಾಪಸ್ ಬರುತ್ತಾನೆ. ಆ ಹೊತ್ತಿನ ಏಮಸ್ ಮುಖ ನೋಡಬೇಕು. ಜೋಕ್ ಮೇಲೆ ಜೋಕ್ ಬರುವ ಶೋ, ಆದರೆ ಆ ಮುಖದಲ್ಲಿ ಜೋಕ್ ಇಲ್ಲ.

ಈ ಶೋ ಏನು ಮಾಡಬಲ್ಲದಾಗಿತ್ತು ಎನ್ನಲು ಒಂದು ಎಪಿಸೋಡ್ ಸಾಕು. ಅದೇ ವರ್ಷದ ಶರತ್ಕಾಲದಲ್ಲಿ, ಎರಡನೇ ಸೀಸನ್‌ನಲ್ಲಿ ಬಂದ ‘ದಿ ಐಕ್ಯೂ ಟೆಸ್ಟ್’. ಮೈಕಲ್ ಶಾಲೆಯ ಬುದ್ಧಿಮತ್ತೆ ಪರೀಕ್ಷೆಯ ಮಧ್ಯದಲ್ಲಿ ಎದ್ದು ಬಂದುಬಿಡುತ್ತಾನೆ. ಅಂಕ ಕೆಳಗೆ ಬಿದ್ದಿದೆ. ಅಪ್ಪ ಅಮ್ಮ ಗಾಬರಿಯಾಗುತ್ತಾರೆ. ಪರೀಕ್ಷೆ ಬಿಳಿಯರಿಗಾಗಿ ಮಾಡಿದ್ದು ಅನ್ನುತ್ತಾನೆ ಹುಡುಗ. ಹೇಗೆ ಅಂದರೆ ಒಂದು ಪ್ರಶ್ನೆ ಹೇಳುತ್ತಾನೆ. ಕಪ್ ಜೊತೆ ಯಾವುದು ಹೊಂದುತ್ತದೆ: ಗೋಡೆ, ಸಾಸರ್, ಮೇಜು, ಕಿಟಕಿ? ಅವನ ಗೆಳೆಯ ಎಡ್ಡಿ ಮೇಜು ಎಂದು ಬರೆದನಂತೆ. ಏಕೆಂದರೆ ಅವನ ಮನೆಯಲ್ಲಿ ಸಾಸರೇ ಇಲ್ಲ. ಕಪ್ ಇಡುವುದು ಮೇಜಿನ ಮೇಲೆ.

ಸಾಸರ್ ಕಾಣದ ಮನೆಯ ಮಗು ದಡ್ಡ ಎಂದು ಕಾಗದದ ಮೇಲೆ ದಾಖಲಾಗುತ್ತದೆ. ಆ ಪರೀಕ್ಷೆಗಳ ಬಗ್ಗೆ ತಜ್ಞರು ಪುಟಗಟ್ಟಲೆ ಬರೆದದ್ದನ್ನು ಈ ಹುಡುಗ ಅರೆ ನಿಮಿಷದಲ್ಲಿ ಹೇಳಿ ಮುಗಿಸಿದ. ನಗಿಸುತ್ತಲೇ ಹೇಳಿದ. ಕೋಟಿಗಟ್ಟಲೆ ಜನ ಊಟ ಮುಗಿಸಿ ಕೂತು ನೋಡುವ ಹೊತ್ತಿನಲ್ಲಿ ಹೇಳಿದ. ಸಿಟ್‌ಕಾಮ್ ಹಗುರ ಸರಕು ಎನ್ನುವವರಿಗೆ ನಾನು ಯಾವಾಗಲೂ ಈ ದೃಶ್ಯವನ್ನೇ ತೋರಿಸುತ್ತೇನೆ. ಶೋ ಎರಡನೇ ಸೀಸನ್‌ನಲ್ಲಿ ರೇಟಿಂಗ್‌ನ ಮೊದಲ ಹತ್ತರ ಒಳಗೆ ಬಂತು. ಅಂದರೆ ಜನ ಇದನ್ನು ನೋಡುತ್ತಿದ್ದರು.

ಅದೇ ಸಮಯಕ್ಕೆ ಇನ್ನೊಂದು ವಿಷಯವೂ ಬೆಳೆಯುತ್ತಿತ್ತು. ಜೆ.ಜೆ. ಪಾತ್ರದ ಜಿಮ್ಮಿ ವಾಕರ್ ಸ್ಟ್ಯಾಂಡಪ್ ಕಾಮಿಡಿಯಿಂದ ಬಂದವರು. ಕಡ್ಡಿಯಂಥ ಮೈ, ಉದ್ದ ಕತ್ತು, ರಬ್ಬರಿನಂತೆ ಎಳೆದರೆ ಎಳೆಯುವ ಮುಖ. ಅವರ ಬಾಯಲ್ಲಿ ‘ಡೈನೋಮೈಟ್!’ ಎಂಬ ಕೂಗು ಬಂದರೆ ಸ್ಟುಡಿಯೋದಲ್ಲಿ ಕೂತ ಜನ ಬಿದ್ದು ಬಿದ್ದು ನಗುತ್ತಿದ್ದರು. ನಿರ್ದೇಶಕ ಜಾನ್ ರಿಚ್ ಅದನ್ನು ಪ್ರತಿ ಎಪಿಸೋಡ್‌ನಲ್ಲೂ ಇಡಬೇಕೆಂದರು, ಲಿಯರ್‌ಗೆ ಅದು ಅಷ್ಟಾಗಿ ಇಷ್ಟವಿರಲಿಲ್ಲ ಎಂದು ವಾಕರ್ ಆಮೇಲೆ ಹೇಳಿಕೊಂಡಿದ್ದಾರೆ. ಕೂಗು ಉಳಿಯಿತು. ಟಿ ಶರ್ಟ್ ಮೇಲೆ ಬಂತು. ಮಾತನಾಡುವ ಜೆ.ಜೆ. ಗೊಂಬೆ ಬಂತು. ಗೊಂಬೆ ಮಾಡಿದ್ದು ಶಿಂದಾನಾ, ಲಾಸ್ ಏಂಜಲೀಸ್‌ನಲ್ಲಿ ಕಪ್ಪು ಜನರೇ ನಡೆಸುತ್ತಿದ್ದ ಕಂಪನಿ. ಇದನ್ನು ಮರೆಯಬಾರದು. ಜೆ.ಜೆ.ಯನ್ನು ನೋಡಿ ನಕ್ಕವರು ಬಿಳಿಯರು ಮಾತ್ರ ಅಲ್ಲ. ಕಪ್ಪು ಮಕ್ಕಳಿಗೂ ಅವನೆಂದರೆ ಪ್ರಾಣ.

ಹಾಗಾದರೆ ತೊಂದರೆ ಏನು? ನನ್ನ ಪ್ರಕಾರ ಜೆ.ಜೆ. ಇದ್ದದ್ದು ತೊಂದರೆ ಅಲ್ಲ. ಪ್ರತಿ ಮನೆಯಲ್ಲೂ ಒಬ್ಬ ತರಲೆ ಇರುತ್ತಾನೆ. ಮೊದಲ ಸೀಸನ್‌ಗಳಲ್ಲಿ ಜೆ.ಜೆ. ಏನಾದರೂ ಕಿತಾಪತಿ ಮಾಡಿದರೆ ಜೇಮ್ಸ್ ತಿರುಗಿ ನೋಡುತ್ತಿದ್ದ. ಅಷ್ಟೇ ಸಾಕಿತ್ತು, ಹುಡುಗ ತಣ್ಣಗಾಗುತ್ತಿದ್ದ. ಪ್ರೇಕ್ಷಕರ ನಗು ಆ ನೋಟದಲ್ಲಿ ಅರ್ಧ ಇತ್ತು. ಈ ಹುಡುಗನನ್ನು ಈ ಅಪ್ಪ ದಾರಿಗೆ ತರುತ್ತಾನೆ ಎಂಬ ಭರವಸೆ ಅದರಲ್ಲಿತ್ತು. ಮೇಲಾಗಿ ಅವನು ಚಿತ್ರಕಾರ. ಎರಡನೇ ಎಪಿಸೋಡ್‌ನಲ್ಲಿ ಅವನು ಏಸುವನ್ನು ಕಪ್ಪು ಮನುಷ್ಯನಾಗಿ ಬರೆಯುತ್ತಾನೆ. ಮಾದರಿಯಾಗಿ ಕೂತವನು ಬೀದಿಯ ಕುಡುಕ ನೆಡ್. ಮೈಕಲ್ ಅದನ್ನು ಗೋಡೆಗೆ ಹಾಕುತ್ತಾನೆ, ಚಿಕ್ಕಂದಿನಿಂದ ಬಿಳಿ ಏಸುವನ್ನೇ ಕಂಡ ಅಮ್ಮನಿಗೆ ಕಸಿವಿಸಿ. ಆ ಚಿತ್ರಗಳನ್ನು ನಿಜವಾಗಿ ಬರೆದವರು ಅರ್ನಿ ಬಾರ್ನ್ಸ್, ಫುಟ್‌ಬಾಲ್ ಆಡಿ ಆಮೇಲೆ ಕುಂಚ ಹಿಡಿದವರು. ಶೋನ ಟೈಟಲ್‌ನಲ್ಲಿ ಬರುವ ‘ದಿ ಶುಗರ್ ಶ್ಯಾಕ್’ ಚಿತ್ರವನ್ನು ಬಾರ್ನ್ಸ್ ಎರಡು ಸಲ ಬರೆದಿದ್ದರು. ಅದರಲ್ಲಿ ಒಂದು 2022ರ ಮೇ ತಿಂಗಳಲ್ಲಿ 1.53 ಕೋಟಿ ಡಾಲರ್‌ಗೆ ಹರಾಜಾಯಿತು. ಅಷ್ಟು ಪ್ರತಿಭೆಯನ್ನು ಜೆ.ಜೆ. ಕೈಗೆ ಕೊಟ್ಟಿದ್ದರು. ದಿನ ಕಳೆದಂತೆ ಆ ಚಿತ್ರಕಾರ ಹಿಂದೆ ಸರಿದ, ಕೂಗುವವನು ಮುಂದೆ ಬಂದ.

ಇದನ್ನು ಮೊದಲು ಬಹಿರಂಗವಾಗಿ ಹೇಳಿದವರು ಮನೆಯೊಳಗಿನವರೇ. 1975ರಲ್ಲಿ ಕಪ್ಪು ಓದುಗರ ‘ಎಬೊನಿ’ ಪತ್ರಿಕೆಗೆ ರೋಲ್ ಮಾತನಾಡಿದರು. ಹುಡುಗನಿಗೆ ಹದಿನೆಂಟು ವರ್ಷ, ಕೆಲಸ ಇಲ್ಲ, ಓದು ಬರಹ ಬರುವುದಿಲ್ಲ, ಯೋಚನೆ ಮಾಡುವುದಿಲ್ಲ. ಶೋ ಹೀಗೆ ಶುರುವಾಗಿರಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಅವನನ್ನು ಹೆಚ್ಚು ಪೆದ್ದನಾಗಿ ಮಾಡಿ ಪಾತ್ರ ದೊಡ್ಡದು ಮಾಡಿದರು. ಇದು ಅವರ ದೂರು. ತಾನೇ ನಾಯಕಿಯಾಗಿರುವ, ಹಿಟ್ ಆಗಿ ಓಡುತ್ತಿರುವ ಶೋ ಬಗ್ಗೆ ಹೀಗೆ ಮಾತನಾಡುವುದಕ್ಕೆ ಧೈರ್ಯ ಬೇಕು.

ಏಮಸ್ ಮಾತು ಇನ್ನೂ ನೇರ. ಶೋನಲ್ಲಿ ತನಗೆ ಇನ್ನಿಬ್ಬರು ಮಕ್ಕಳಿದ್ದಾರೆ ಎಂದು ಅವರು ಬರಹಗಾರರಿಗೆ ನೆನಪಿಸುತ್ತಿದ್ದರು. ಒಬ್ಬಳಿಗೆ ಸರ್ಜನ್ ಆಗುವಾಸೆ, ಒಬ್ಬನಿಗೆ ಸುಪ್ರೀಂ ಕೋರ್ಟ್ ನ್ಯಾಯಾಧೀಶನಾಗುವಾಸೆ. ಅವರಿಂದಲೂ ಅಷ್ಟೇ ನಗು ಹುಟ್ಟಿಸಬಹುದು. ಅದು ಬಿಟ್ಟು ಜೆ.ಜೆ.ಗೆ ಕೋಳಿ ಟೋಪಿ ಹಾಕಿ ಕುಣಿಸುವುದು ಏಕೆ? ಏಮಸ್ ಬರೀ ನಟ ಅಲ್ಲ. ಅದಕ್ಕೂ ಮೊದಲು ಟಿವಿ ಕಾಮಿಡಿಗೆ ಸ್ಕ್ರಿಪ್ಟ್ ಬರೆದವರು. ರೈಟರ್ಸ್ ರೂಮ್, ಅಂದರೆ ಬರಹಗಾರರು ಒಟ್ಟಿಗೆ ಕೂತು ಸ್ಕ್ರಿಪ್ಟ್ ಬರೆಯುವ ಕೋಣೆ, ಹೇಗೆ ನಡೆಯುತ್ತದೆ ಎಂದು ಅವರಿಗೆ ಗೊತ್ತು. ಆ ರೂಮಿನಲ್ಲಿ ಕೂತವರು ಹೆಚ್ಚಿನಂಶ ಬಿಳಿಯರು. ಕಪ್ಪು ಮನೆಯಲ್ಲಿ ಅಪ್ಪ ಮಗನಿಗೆ ಹೇಗೆ ಮಾತನಾಡುತ್ತಾನೆ ಎಂದು ಅವರಿಗೆ ಹೇಳಿಕೊಡಬೇಕಾಗುತ್ತಿತ್ತು. ಹೇಳಿದರೆ ಜಗಳ. ತನ್ನ ಮಾತಿನ ಧಾಟಿ ಆಗ ಒರಟಾಗಿತ್ತು ಎಂದು ಏಮಸ್ ಮುಂದೆ ಒಪ್ಪಿಕೊಂಡಿದ್ದಾರೆ. ಆದರೆ ವಿಷಯ ಸುಳ್ಳು ಎಂದು ಎಂದೂ ಹೇಳಲಿಲ್ಲ.

ಹೊರಗಿನ ಸಿಟ್ಟೂ ಇತ್ತು. ಕಪ್ಪು ಜನರ ತೀವ್ರ ಹೋರಾಟದ ಸಂಘಟನೆ ಬ್ಲ್ಯಾಕ್ ಪ್ಯಾಂಥರ್ಸ್‌ನ ಕಾರ್ಯಕರ್ತರು ತನ್ನ ಕಚೇರಿಗೇ ಬಂದು ತರಾಟೆಗೆ ತೆಗೆದುಕೊಂಡರು ಎಂದು ಲಿಯರ್ ಹೇಳಿಕೊಂಡಿದ್ದಾರೆ. ಮೂರು ಕೆಲಸ ಮಾಡಿಯೂ ಮೇಲೇಳದ ಗಂಡಸನ್ನೇ ಏಕೆ ತೋರಿಸುತ್ತೀರಿ ಎಂಬುದು ಅವರ ಪ್ರಶ್ನೆ. (1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಹೆಸರು ತೆಗೆದುಕೊಂಡದ್ದು ಇವರಿಂದಲೇ.) 1975ರ ಜನವರಿಯಲ್ಲಿ ಬಂದ ‘ದಿ ಜೆಫರ್ಸನ್ಸ್’, ದುಡ್ಡು ಮಾಡಿದ ಕಪ್ಪು ವ್ಯಾಪಾರಿಯ ಕುಟುಂಬದ ಕಥೆ, ಆ ಮಾತಿನಿಂದ ಹುಟ್ಟಿತು ಎನ್ನುತ್ತಿದ್ದರು ಲಿಯರ್. ಈ ಟೀಕೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬಡವನಾಗಿರುವುದು ಜೇಮ್ಸ್‌ನ ತಪ್ಪಲ್ಲ. ಎಷ್ಟು ದುಡಿದರೂ ಮೇಲೇಳಲು ಬಿಡದ ಊರನ್ನು ಆ ಪಾತ್ರ ತೋರಿಸುತ್ತಿತ್ತು, ಅದನ್ನು ಮುಚ್ಚಿಡಬೇಕಿರಲಿಲ್ಲ. ರೋಲ್ ಮತ್ತು ಏಮಸ್ ಕೇಳಿದ್ದು ಶ್ರೀಮಂತಿಕೆ ಅಲ್ಲ, ಮರ್ಯಾದೆ. ಎರಡು ದೂರುಗಳನ್ನು ಒಂದೇ ಎಂದು ಕಲಸಬಾರದು.

ಮೂರನೇ ಸೀಸನ್ ಮುಗಿದ ಮೇಲೆ ಏಮಸ್‌ಗೆ ಇನ್ನು ಬರಬೇಡಿ ಎಂಬ ಸುದ್ದಿ ಬಂತು. ಪಾತ್ರವನ್ನು ಸಾಯಿಸುವುದೆಂದು ತೀರ್ಮಾನವಾಯಿತು.

1976ರ ಸೆಪ್ಟೆಂಬರ್‌ನಲ್ಲಿ ಎರಡು ಭಾಗದ ‘ದಿ ಬಿಗ್ ಮೂವ್’ ಬಂತು. ಜೇಮ್ಸ್‌ಗೆ ಕೊನೆಗೂ ಮಿಸಿಸಿಪಿಯಲ್ಲಿ ಒಂದು ಗ್ಯಾರೇಜ್‌ನ ಪಾಲುದಾರಿಕೆ ಸಿಕ್ಕಿದೆ. ಮನೆಯವರೆಲ್ಲಾ ಗಂಟುಮೂಟೆ ಕಟ್ಟುತ್ತಿದ್ದಾರೆ. ಬೀಳ್ಕೊಡುಗೆ ಪಾರ್ಟಿ ನಡೆಯುವಾಗ ಟೆಲಿಗ್ರಾಂ ಬರುತ್ತದೆ: ಜೇಮ್ಸ್ ಕಾರು ಅಪಘಾತದಲ್ಲಿ ತೀರಿಕೊಂಡ. ಎರಡನೇ ಭಾಗದಲ್ಲಿ ಅಂತ್ಯಕ್ರಿಯೆ ಮುಗಿದಿದೆ, ಫ್ಲಾರಿಡಾ ಅಳುವುದಿಲ್ಲ. ಬಂದವರನ್ನು ಉಪಚರಿಸುತ್ತಾಳೆ, ನಗುತ್ತಾಳೆ, ಓಡಾಡುತ್ತಾಳೆ. ಅಮ್ಮನಿಗೆ ಅಪ್ಪ ಬೇಡವಾಗಿದ್ದರಾ ಎಂದು ಮಕ್ಕಳಿಗೇ ನೋವು. ಎಲ್ಲರೂ ಹೋದ ಮೇಲೆ ಮೇಜು ಒರೆಸುತ್ತಾ ಗಾಜಿನ ಬಟ್ಟಲು ಎತ್ತಿಕೊಳ್ಳುತ್ತಾಳೆ. ಒಂದು ಕ್ಷಣ ನಿಲ್ಲುತ್ತಾಳೆ. ನೆಲಕ್ಕೆ ಅಪ್ಪಳಿಸುತ್ತಾಳೆ. ‘ಡ್ಯಾಮ್, ಡ್ಯಾಮ್, ಡ್ಯಾಮ್!’

ಅಮೆರಿಕದಲ್ಲಿ ಈ ದೃಶ್ಯ ಗೊತ್ತಿಲ್ಲದ ಕಪ್ಪು ಮನೆ ಸಿಗುವುದು ಕಷ್ಟ. ನಟನೆ ಅಷ್ಟು ದೊಡ್ಡದು. ಆದರೆ ಇದನ್ನು ನೋಡುವಾಗ ನನಗೆ ಇನ್ನೊಂದು ವಿಷಯವೂ ಕಾಡುತ್ತದೆ. ಯಾವ ನಟಿ ಈ ಅಪ್ಪನಿಗಾಗಿ ಪಟ್ಟು ಹಿಡಿದಿದ್ದರೋ, ಅವರ ಕೈಯಲ್ಲೇ ಆ ಅಪ್ಪನ ಸಾವಿನ ದುಃಖವನ್ನು ಆಡಿಸಿದರು. ಆ ಸಾವನ್ನು ಕಥೆ ಕೇಳಿರಲಿಲ್ಲ. ಒಬ್ಬ ನಟ ಪ್ರಶ್ನೆ ಕೇಳಿದ್ದಕ್ಕೆ ಅದು ಬಂತು.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. ನಾಲ್ಕನೇ ಸೀಸನ್‌ನಲ್ಲಿ ಮನೆಯ ದೊಡ್ಡ ಗಂಡಸು ಜೆ.ಜೆ. ತಿರುಗಿ ನೋಡಲು ಅಪ್ಪ ಇಲ್ಲ. ಸೀಸನ್ ಮುಗಿಯುತ್ತಲೇ ರೋಲ್ ಕೂಡ ಹೊರನಡೆದರು. ಕಥೆಯಲ್ಲಿ ಫ್ಲಾರಿಡಾ ಕಾರ್ಲ್ ಎಂಬವನನ್ನು ಮದುವೆಯಾಗಿ ಅರಿಜೋನಾಗೆ ಹೋಗುತ್ತಾಳೆ. ಮಕ್ಕಳು ಪ್ರಾಜೆಕ್ಟ್ಸ್‌ನಲ್ಲೇ, ಪಕ್ಕದ ಮನೆಯ ವಿಲೋನಾ ಕಣ್ಗಾವಲಿನಲ್ಲಿ. ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಯಾವ ಚಿತ್ರ ಬೇಡವೆಂದು ಈ ಶೋ ಹುಟ್ಟಿತ್ತೋ ಅದಕ್ಕಿಂತ ಕೆಟ್ಟ ಚಿತ್ರ ತೆರೆಯ ಮೇಲೆ ಬಂತು. ಐದನೇ ಸೀಸನ್‌ನಲ್ಲಿ ಪೆನ್ನಿ ಎಂಬ ಹುಡುಗಿ ಬರುತ್ತಾಳೆ, ತಾಯಿಯಿಂದ ಹಿಂಸೆ ಅನುಭವಿಸಿದ ಮಗು. ಪಾತ್ರ ಮಾಡಿದ್ದು ಪುಟ್ಟ ಜಾನೆಟ್ ಜಾಕ್ಸನ್. ಆ ಎಪಿಸೋಡ್‌ಗಳು ಮಾತ್ರ ಇಂದಿಗೂ ಗಟ್ಟಿ. ರೇಟಿಂಗ್ ಆಗಲೇ ಮೊದಲ ಮೂವತ್ತರಿಂದ ಹೊರಗೆ ಬಿದ್ದಿತ್ತು.

ಆರನೇ ಸೀಸನ್‌ಗೆ ರೋಲ್ ವಾಪಸ್ ಬಂದರು, ಮತ್ತೆ ಷರತ್ತು ಹಾಕಿಯೇ. ಸ್ಕ್ರಿಪ್ಟ್ ಚೆನ್ನಾಗಿರಬೇಕು, ಜೆ.ಜೆ. ಜವಾಬ್ದಾರಿ ಇರುವ ಮನುಷ್ಯನಾಗಬೇಕು. ಆ ಸೀಸನ್‌ನ ಜೆ.ಜೆ. ಸ್ವಲ್ಪ ಬದಲಾಗಿದ್ದಾನೆ. ಆದರೆ ತಡವಾಗಿತ್ತು. 1979ರ ಆಗಸ್ಟ್ 1ರಂದು ಕೊನೆಯ ಎಪಿಸೋಡ್ ಬಂತು. ಜೆ.ಜೆ.ಯ ಕಾಮಿಕ್ ಮಾರಾಟವಾಗುತ್ತದೆ, ಥೆಲ್ಮಾಳ ಗಂಡನಿಗೆ ಫುಟ್‌ಬಾಲ್ ಒಪ್ಪಂದ ಸಿಗುತ್ತದೆ, ಎಲ್ಲರೂ ಪ್ರಾಜೆಕ್ಟ್ಸ್ ಬಿಟ್ಟು ಹೊರಡುತ್ತಾರೆ. ಆರು ಸೀಸನ್ ತಡೆದಿದ್ದ ಬಾಗಿಲು ಅರ್ಧ ಗಂಟೆಯಲ್ಲಿ ತೆರೆದುಕೊಂಡಿತು. ಎರಿಕ್ ಮಾಂಟೆಯಂಥವರು ಬರೆದಿದ್ದರೆ ಹೀಗೆ ಮುಗಿಸುತ್ತಿರಲಿಲ್ಲ ಅನಿಸುತ್ತದೆ. ಅವರು ಅಷ್ಟರಲ್ಲಿ ತನ್ನ ಕಲ್ಪನೆಗಳನ್ನು ಬಳಸಿಕೊಂಡರು ಎಂದು ಚಾನೆಲ್‌ಗಳ ಮತ್ತು ಲಿಯರ್ ಮೇಲೆ 1977ರಲ್ಲಿ ಕೋರ್ಟಿಗೆ ಹೋಗಿದ್ದರು. ರಾಜಿಯಾಯಿತು, ಹಣವೂ ಸಿಕ್ಕಿತು. ಆಮೇಲೆ ಹಾಲಿವುಡ್‌ನಲ್ಲಿ ಕೆಲಸ ಸಿಗಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ.

ಈ ಪ್ರಕರಣದಲ್ಲಿ ಕೆಟ್ಟವರನ್ನು ಹುಡುಕುವುದು ಸುಲಭ, ಆದರೆ ನ್ಯಾಯ ಅಲ್ಲ. ಜಿಮ್ಮಿ ವಾಕರ್ ತನಗೆ ಬರೆದುಕೊಟ್ಟದ್ದನ್ನು ಪೂರ್ತಿ ಶಕ್ತಿ ಹಾಕಿ ಮಾಡಿದರು. ಕಸುಬು ಗೊತ್ತಿದ್ದವರು ಅವರು. ಅವರ ಸ್ಟ್ಯಾಂಡಪ್‌ಗೆ ಜೋಕ್ ಬರೆಯಲು ಇಟ್ಟುಕೊಂಡಿದ್ದವರಲ್ಲಿ ಮುಂದೆ ಟಿವಿ ಟಾಕ್ ಶೋಗಳಿಂದ ದೊಡ್ಡ ಹೆಸರಾದ, ಆಗಿನ್ನೂ ಹೆಸರಿಲ್ಲದ ಡೇವಿಡ್ ಲೆಟರ್‌ಮನ್, ಜೇ ಲೆನೋ ಇದ್ದರು. ಲಿಯರ್‌ಗೆ ಕಪ್ಪು ಜನರ ಬಗ್ಗೆ ಕಾಳಜಿ ಇತ್ತು, ಬೇರೆ ಯಾರೂ ಮುಟ್ಟದ ವಿಷಯ ಮುಟ್ಟಿದರು. ಕಾಳಜಿ ಇತ್ತು, ಅಧಿಕಾರ ಹಂಚಲಿಲ್ಲ. ನನ್ನ ದೂರು ಅಷ್ಟೇ. ಯಾವ ಸಾಲು ಉಳಿಯಬೇಕು ಎಂದು ಸ್ಟುಡಿಯೋದ ನಗು ತೀರ್ಮಾನಿಸುತ್ತಿತ್ತು. ಆ ನಗುವನ್ನು ಹೇಗೆ ಓದಬೇಕು ಎಂದು ರೈಟರ್ಸ್ ರೂಮ್ ತೀರ್ಮಾನಿಸುತ್ತಿತ್ತು. ಆ ಬದುಕು ಬದುಕಿದವರು ಕ್ಯಾಮೆರಾದ ಮುಂದೆ ಇದ್ದರು, ರೂಮಿನ ಒಳಗೆ ಇರಲಿಲ್ಲ. ಕೋಳಿ ಟೋಪಿಗೆ ಬಂದ ನಗುವೂ ಐಕ್ಯೂ ಟೆಸ್ಟ್‌ಗೆ ಬಂದ ನಗುವೂ ಒಂದೇ ಅಲ್ಲ ಅಲ್ವಾ? ಆ ವ್ಯತ್ಯಾಸ ರೋಲ್‌ಗೆ ಕೇಳಿಸುತ್ತಿತ್ತು. ಅವರು ಹೇಳಿದರು. ಅವರ ಮಾತಿಗೆ ವೋಟ್ ಇರಲಿಲ್ಲ.

ಜೇಮ್ಸ್ ಪಾತ್ರ ಇದ್ದದ್ದು ಮೂರೇ ಸೀಸನ್. ಆದರೂ ನೀವು ನನಗೆ ಸಿಗದ ಅಪ್ಪ ಎಂದು ದೊಡ್ಡ ದೊಡ್ಡ ಗಂಡಸರು ಬಂದು ಹೇಳುತ್ತಾರೆ ಎಂದು ಏಮಸ್ 2024ರಲ್ಲಿ ತೀರಿಕೊಳ್ಳುವ ತನಕ ಸಂದರ್ಶನಗಳಲ್ಲಿ ಹೇಳುತ್ತಿದ್ದರು. ಅದೇ ವರ್ಷ ನೆಟ್‌ಫ್ಲಿಕ್ಸ್ ಅದೇ ಹೆಸರಿನಲ್ಲಿ ಆನಿಮೇಷನ್ ಶೋ ತಂದಿತು. ಅದೇ ಕುಟುಂಬದ ಮುಂದಿನ ತಲೆಮಾರು, ಅದರಲ್ಲಿ ಡ್ರಗ್ಸ್ ಮಾರುವ ಒಂದು ಎಳೆ ಮಗು. ಟ್ರೇಲರ್ ನೋಡಿದ ಕೂಡಲೇ ಕಪ್ಪು ಪ್ರೇಕ್ಷಕರು ಬೇಜಾರು ಮಾಡಿಕೊಂಡರು. ಈ ಸಲ ಶೋ ನಡೆಸಿದವರು ಕಪ್ಪು ಬರಹಗಾರ್ತಿ. ಹಾಗಾಗಿ ರೂಮಿನಲ್ಲಿ ಯಾರಿದ್ದಾರೆ ಎಂಬುದೊಂದೇ ಎಲ್ಲವನ್ನೂ ಸರಿಮಾಡುತ್ತದೆ ಎಂದು ನಾನು ಹೇಳಲಾರೆ. ರೋಲ್ 1975ರಲ್ಲಿ ಕೇಳಿದ ಪ್ರಶ್ನೆಯನ್ನು ಯಾರೇ ಬರೆದರೂ ಕೇಳಬೇಕಾಗುತ್ತದೆ: ಈ ಹುಡುಗನಿಗೆ ಯೋಚಿಸಲು ಏನಾದರೂ ಕೊಟ್ಟಿದ್ದೀರಾ?

ನೋಡಬೇಕು ಅನಿಸಿದರೆ ಮೊದಲ ಎರಡು ಸೀಸನ್‌ನಿಂದ ಶುರುಮಾಡಿ. ‘ದಿ ಐಕ್ಯೂ ಟೆಸ್ಟ್’ ಬಿಡಬೇಡಿ. ಅದಾದ ಮೇಲೆ ಸುಮ್ನೆ ಐದನೇ ಸೀಸನ್‌ನ ಒಂದು ಎಪಿಸೋಡ್ ಹಾಕಿ, ಜೆ.ಜೆ. ಯಾವಾಗ ಮಾತನಾಡುತ್ತಾನೆ, ಅವನಿಗೆ ಯಾರು ಉತ್ತರ ಕೊಡುತ್ತಾರೆ ಎಂಬುದನ್ನು ಮಾತ್ರ ಗಮನಿಸಿ.